ಹುಟ್ಟುಗುಣವೋ, ಕಲಿತ ಗುಣವೋ: ವ್ಯಕ್ತಿತ್ವದ ಯಾವ ಸಿದ್ಧಾಂತ ಯಾವ ಕೆಲಸಕ್ಕೆ?

ನನ್ನ ಅಕ್ಕನ ಮಗನಿಗೆ ಏಳು ವರ್ಷ. ಮನೆಗೆ ಯಾರಾದರೂ ಬಂದರೆ ಸಾಕು, ಅಡುಗೆಮನೆ ಬಾಗಿಲ ಹಿಂದೆ ಹೋಗಿ ನಿಲ್ಲುತ್ತಾನೆ. ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತದೆ. ಬಂದವರು ಚಪ್ಪಲಿ ಮೆಟ್ಟಿ ಗೇಟು ದಾಟಿದ ಮೇಲೆ ಈಚೆ ಬರುತ್ತಾನೆ. ಬಂದು, ಅವರು ಆಡಿದ ಮಾತನ್ನೆಲ್ಲ ಒಂದೂ ಬಿಡದೆ ಅವರ ದನಿಯಲ್ಲೇ ಆಡಿ ತೋರಿಸುತ್ತಾನೆ.

ಇವನ್ಯಾಕೆ ಹೀಗೆ? ನಮ್ಮ ಮನೆಯಲ್ಲಿ ಇದಕ್ಕೆ ನಾಲ್ಕು ಉತ್ತರ ಇವೆ. ಅಮ್ಮ ಹೇಳುವುದು: "ಹುಟ್ಟುಗುಣ ಸುಟ್ಟರೂ ಹೋಗಲ್ಲ, ಅವರ ತಾತನೂ ಹೀಗೇ ಇದ್ರು." ಭಾವ ಹೇಳುವುದು: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಈಗಲೇ ಸರಿಮಾಡಬೇಕು." ಪಕ್ಕದ ಮನೆ ಆಂಟಿ ಪ್ರಕಾರ ಎಲ್ಲ ಸಹವಾಸದಿಂದ ಬರುವುದು. ಒಂಟಿ ಮಗು, ಆಡೋಕೆ ಜೊತೆ ಇಲ್ಲ, ಇನ್ನೇನಾಗುತ್ತೆ? ಅಕ್ಕ ಮಾತ್ರ, "ಸುಮ್ನೆ ಬಿಡಿ, ಅವನಷ್ಟಕ್ಕೆ ಅವನು ಅರಳ್ತಾನೆ" ಅನ್ನುತ್ತಾಳೆ.

ನಾನು ಡಿಗ್ರಿ ಕಾಲೇಜಿನಲ್ಲಿ ಸೈಕಾಲಜಿ ಪಾಠ ಮಾಡುತ್ತೇನೆ. ಈ ನಾಲ್ಕು ಮಾತು ಕೇಳಿದಾಗಲೆಲ್ಲ ನನಗೆ ಸಿಲಬಸ್ಸಿನ ಅರ್ಧ ಮುಗಿಯಿತು ಅನ್ನಿಸುತ್ತದೆ. ವ್ಯಕ್ತಿತ್ವ ಹೇಗೆ ರೂಪುಗೊಳ್ಳುತ್ತದೆ ಅನ್ನುವ ದೊಡ್ಡ ಸಿದ್ಧಾಂತಗಳೆಲ್ಲ ಹೆಚ್ಚುಕಮ್ಮಿ ಈ ನಾಲ್ಕು ಜನರ ಜಗಳವೇ. ಅಮ್ಮ ಗುಣ ಅಳೆಯುವವರ ಕಡೆ. ಭಾವ ಫ್ರಾಯ್ಡ್ ಕಡೆ, ಗೊತ್ತಿಲ್ಲದೇ. ಆಂಟಿ ಕಲಿಕೆಯವರ ಕಡೆ. ಅಕ್ಕ ಕಾರ್ಲ್ ರೋಜರ್ಸ್ ಕಡೆ.

ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಇದ್ರಲ್ಲಿ ಕರೆಕ್ಟ್ ಯಾವುದು?" ಮೆಜೆಸ್ಟಿಕ್ಕಿನಲ್ಲಿ ನಿಂತು "ಯಾವ ಬಸ್ಸು ಒಳ್ಳೇದು" ಅಂತ ಕೇಳಿದ ಹಾಗೆ ಇದು. ಎಲ್ಲಿಗೆ ಹೋಗಬೇಕು ಅಂತ ಮೊದಲು ಹೇಳಪ್ಪಾ ಅನ್ನುತ್ತೇನೆ. ಹಾಗಂತ ಎಲ್ಲ ಬಸ್ಸೂ ಒಂದೇ ಅಂತಲೂ ಅಲ್ಲ. ಕೆಲವು ಕೆಟ್ಟು ನಿಂತಿವೆ, ಬೋರ್ಡು ಮಾತ್ರ ಉಳಿದಿದೆ. ಅದನ್ನೂ ಹೇಳುತ್ತೇನೆ.

ಫ್ರಾಯ್ಡ್, ಮತ್ತು ಅವರ ಜಗಲಿಯಿಂದ ಎದ್ದು ಹೋದವರು

ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಹೇಳಿದ್ದು ಎರಡು ದೊಡ್ಡ ಮಾತು. ಒಂದು, ನಮ್ಮ ನಡವಳಿಕೆಯ ಬೇರು ನಮಗೇ ಗೊತ್ತಿಲ್ಲದ ಮನಸ್ಸಿನಲ್ಲಿದೆ. ಎರಡು, ಆ ಬೇರು ಬಿಡುವುದು ಐದಾರು ವರ್ಷದೊಳಗೆ. ಮಗು ಬಾಯಿಯ ಹಂತ, ಮಲವಿಸರ್ಜನೆಯ ಹಂತ ಹೀಗೆ ಒಂದೊಂದೇ ದಾಟುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಅದರ ಗುರುತು ದೊಡ್ಡವನಾದ ಮೇಲೂ ಉಳಿಯುತ್ತದೆ. ಇದು ಅವರ ಲೆಕ್ಕ.

1923ರಲ್ಲಿ ಅವರು ಮನಸ್ಸನ್ನು ಇಡ್, ಈಗೋ, ಸೂಪರ್ ಈಗೋ ಅಂತ ಮೂರು ಪಾಲು ಮಾಡಿದರು. ಕ್ಲಾಸಿನಲ್ಲಿ ನಾನು ಕೋಡುಬಳೆ ಡಬ್ಬ ಇಟ್ಟುಕೊಂಡು ಹೇಳುತ್ತೇನೆ. ರಾತ್ರಿ ಹನ್ನೊಂದು ಗಂಟೆ. ನಾಳೆ ಬರುವ ನೆಂಟರಿಗೆ ಅಂತ ಎತ್ತಿಟ್ಟ ಕೋಡುಬಳೆ. "ಈಗಲೇ ಬೇಕು" ಅನ್ನುವುದು ಇಡ್. "ಥೂ, ನಾಚಿಕೆ ಆಗಲ್ವಾ" ಅನ್ನುವುದು ಸೂಪರ್ ಈಗೋ. "ಎರಡು ತೆಗೆದು, ಡಬ್ಬ ಒಂಚೂರು ಅಲ್ಲಾಡಿಸಿ ಇಡು, ಗೊತ್ತಾಗಲ್ಲ" ಅನ್ನುವುದು ಈಗೋ. ನಾವು "ಅವನಿಗೆ ಈಗೋ ಜಾಸ್ತಿ" ಅಂತ ಬೈತೀವಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಫ್ರಾಯ್ಡ್ ಲೆಕ್ಕದಲ್ಲಿ ಈಗೋ ಗಟ್ಟಿ ಇರುವುದೇ ಒಳ್ಳೇದು. ಪಾಪ, ಮನೆಯಲ್ಲಿ ಎರಡು ಕಡೆ ಬೈಸಿಕೊಂಡು ಸಂಸಾರ ತೂಗಿಸುವುದು ಅದೇ.

ಈ ಸಿದ್ಧಾಂತದ ತೊಂದರೆ ಏನು ಅಂದರೆ, ಅದು ಸೋಲುವುದೇ ಇಲ್ಲ. ಗಂಡುಮಗುವಿಗೆ ಅಮ್ಮನ ಮೇಲೆ ಮೋಹ, ಅದಕ್ಕೇ ಅಪ್ಪನ ಮೇಲೆ ಒಳಗೊಳಗೇ ಹಗೆ ಅನ್ನುವುದು ಅವರ ಈಡಿಪಸ್ ಕತೆ. ಹುಡುಗ ಅಪ್ಪನ ಮೇಲೆ ಸಿಟ್ಟಾದರೆ "ನೋಡಿ, ಈಡಿಪಸ್". ಸಿಟ್ಟಾಗದೆ ಇದ್ದರೆ "ನೋಡಿ, ಸಿಟ್ಟನ್ನು ಅದುಮಿಟ್ಟಿದ್ದಾನೆ". ಯಾವ ಕಡೆ ನಾಣ್ಯ ಬಿದ್ದರೂ ನಾನೇ ಗೆದ್ದೆ ಅನ್ನುವವರ ಜೊತೆ ಆಟ ಆಡುವುದು ಹೇಗೆ? ಇನ್ನೊಂದು, ಅವರು ನೋಡಿದ್ದು ಹೆಚ್ಚಾಗಿ ವಿಯೆನ್ನಾದ ರೋಗಿಗಳನ್ನು. 1922ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದ ಗಿರೀಂದ್ರಶೇಖರ ಬೋಸ್ ಫ್ರಾಯ್ಡ್ ಜೊತೆ ವರ್ಷಗಟ್ಟಲೆ ಪತ್ರ ಬರೆದುಕೊಂಡವರು. ನನ್ನ ರೋಗಿಗಳಲ್ಲಿ ಈಡಿಪಸ್ ಕತೆ ನೀವು ಹೇಳಿದ ಹಾಗೆ ಕಾಣುತ್ತಿಲ್ಲ ಅಂತ ಅವರು ಆಗಲೇ ವಾದಿಸಿದ್ದರು.

ಹಾಗಾದರೆ ಫ್ರಾಯ್ಡನ್ನು ಬಿಟ್ಟುಬಿಡೋಣವಾ? ಸಿನಿಮಾ, ಕಾದಂಬರಿ ಓದಿ ಬರೆಯುವವರು ಬಿಡಬೇಡಿ. ನನಗೆ ಅವರ ರಕ್ಷಣಾತಂತ್ರಗಳ, ಅಂದರೆ ಮನಸ್ಸು ತನ್ನ ಕಳವಳದಿಂದ ತಪ್ಪಿಸಿಕೊಳ್ಳಲು ಹೂಡುವ ಉಪಾಯಗಳ ಮಾತು ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಆಫೀಸಿನ ಸಿಟ್ಟನ್ನು ಮನೆಗೆ ಬಂದು ಮಕ್ಕಳ ಮೇಲೆ ತೀರಿಸುವುದಕ್ಕೆ ಅವರ ಕಡೆ ಒಂದು ಹೆಸರಿದೆ, ಸ್ಥಾನಪಲ್ಲಟ. ಹೆಸರು ಸಿಕ್ಕಿದ ಮೇಲೆ ನಮ್ಮನ್ನೇ ನಾವು ಹಿಡಿಯುವುದು ಸ್ವಲ್ಪ ಸುಲಭ. ಆದರೆ ಬಾಗಿಲ ಹಿಂದಿನ ಹುಡುಗನಿಗೆ ಫ್ರಾಯ್ಡ್ ಹಚ್ಚಬೇಡಿ. ಎರಡು ವರ್ಷದಲ್ಲಿ ಕಕ್ಕ ಮಾಡಿಸಲು ಪಾಟಿ ಮೇಲೆ ಕೂರಿಸಿದ್ದು ಸರಿಯಾಗಲಿಲ್ಲವೇನೋ ಅಂತ ಅಕ್ಕ ಕೊರಗುವುದು ಬೇಡ.

ಆಲ್ಫ್ರೆಡ್ ಆಡ್ಲರ್ 1911ರಲ್ಲಿ ಫ್ರಾಯ್ಡ್ ಬಳಗ ಬಿಟ್ಟರು. ಕೀಳರಿಮೆ ಮತ್ತು ಅದನ್ನು ಮೀರುವ ಹಟವೇ ಮನುಷ್ಯನನ್ನು ನಡೆಸುತ್ತದೆ ಅಂದರು. ಹಿರಿಮಗ ಹೀಗೆ, ನಡುವಿನವಳು ಹಾಗೆ, ಕಿರಿಯವನು ಹೀಗೆ ಅನ್ನುವ ಮಾತು ಜನಪ್ರಿಯವಾಗಿದ್ದೂ ಅವರಿಂದಲೇ. ನೆಂಟರ ಮನೆಯಲ್ಲಿ ಮಾತಾಡೋಕೆ ಭಾಳ ಚೆನ್ನಾಗಿರುತ್ತದೆ. ಆದರೆ 2015ರಲ್ಲಿ ಅಮೆರಿಕ, ಬ್ರಿಟನ್, ಜರ್ಮನಿಯ 20,000ಕ್ಕೂ ಹೆಚ್ಚು ಜನರ ಮಾಹಿತಿ ಇಟ್ಟುಕೊಂಡು ನೋಡಿದಾಗ ಹುಟ್ಟಿದ ಕ್ರಮಕ್ಕೂ ಗುಣಕ್ಕೂ ಹೇಳಿಕೊಳ್ಳುವಂಥ ನಂಟು ಸಿಗಲಿಲ್ಲ.

ಕಾರ್ಲ್ ಯೂಂಗ್ ಕತೆ ಬೇರೆ. ಅಂತರ್ಮುಖಿ, ಬಹಿರ್ಮುಖಿ ಅನ್ನುವ ಜೋಡಿ ಇವತ್ತು ಎಲ್ಲರ ಬಾಯಲ್ಲೂ ಇದೆಯಲ್ಲ, ಅದನ್ನು 1921ರ ಪುಸ್ತಕದಲ್ಲಿ ಗಟ್ಟಿ ಮಾಡಿದವರು ಅವರು. 1937ರ ಕೊನೆಗೆ ಭಾರತಕ್ಕೆ ಬಂದಾಗ ಮೈಸೂರಿಗೂ ಬಂದು, ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಜೊತೆ ಮಾತುಕತೆ ಆಡಿದ್ದರು. ಯೂಂಗ್ ಬರೆದದ್ದು ಓದಲು ಸೊಗಸು, ಅಳೆಯಲು ಕಷ್ಟ. ಅಳೆಯಲು ಹೊರಟವರು ಅಮೆರಿಕದ ತಾಯಿ ಮಗಳು, ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ. ಅವರು ಮಾಡಿದ ಎಂಬಿಟಿಐ ಪರೀಕ್ಷೆ ಜನರನ್ನು 16 ಬಗೆಯಾಗಿ ವಿಂಗಡಿಸುತ್ತದೆ. ಬೆಂಗಳೂರಿನ ಎಚ್‌ಆರ್ ಟ್ರೈನಿಂಗ್‌ಗಳಲ್ಲಿ ಅದರ ಹೆಸರು ಈಗಲೂ ಓಡುತ್ತದೆ.

ನನಗೂ ಒಮ್ಮೆ ಒಂದು ಟ್ರೈನಿಂಗ್‌ನಲ್ಲಿ ಇದನ್ನು ಮಾಡಿಸಿದರು. ನಾಲ್ಕು ಅಕ್ಷರದ ಒಂದು ಬಗೆ ಬಂತು. ಲ್ಯಾಮಿನೇಟ್ ಮಾಡಿದ ಕಾರ್ಡು ಕೊಟ್ಟರು. ಆರು ತಿಂಗಳಾದ ಮೇಲೆ ಇನ್ನೊಂದು ಕಡೆ ಮತ್ತೆ ಮಾಡಿದೆ, ನಾಲ್ಕರಲ್ಲಿ ಎರಡು ಅಕ್ಷರ ಬೇರೆ! ಕಾರ್ಡು ಈಗ ಪುಸ್ತಕದಲ್ಲಿ ಗುರುತಿಗೆ ಇದೆ. ಇದು ನನ್ನೊಬ್ಬಳ ಗ್ರಹಚಾರ ಅಲ್ಲ. ನಮ್ಮ ಕಾಲದ ಎಸ್‌ಎಸ್‌ಎಲ್‌ಸಿಯಲ್ಲಿ 34 ಬಂದವನು ಫೇಲು, 35 ಬಂದವನು ಪಾಸು ಅಂತ ಇತ್ತು. ಆ ಇಬ್ಬರಿಗೂ ಇದ್ದ ವ್ಯತ್ಯಾಸ ಒಂದೇ ಮಾರ್ಕು. ಆದರೆ 35ರವನನ್ನೂ 95ರವನನ್ನೂ ಒಂದೇ ಗುಂಪಿನಲ್ಲಿ ನಿಲ್ಲಿಸುತ್ತಿದ್ದೆವು. ಎಂಬಿಟಿಐ ಮಾಡುವುದು ಇದನ್ನೇ. ಅಂತರ್ಮುಖಿ ಬಹಿರ್ಮುಖಿ ನಡುವೆ ಒಂದು ಗೆರೆ ಎಳೆಯುತ್ತದೆ. ಜನ ಜಾಸ್ತಿ ಇರುವುದು ಆ ಗೆರೆಯ ಹತ್ತಿರವೇ. ಇವತ್ತು ಈ ಕಡೆ, ನಾಳೆ ನಿದ್ದೆ ಸರಿಯಾಗದಿದ್ದರೆ ಆ ಕಡೆ. ಟೀ ಹೊತ್ತಿನ ಹರಟೆಗೆ ಇಟ್ಟುಕೊಳ್ಳಿ. ಯಾರಿಗೆ ಕೆಲಸ ಕೊಡಬೇಕು, ಯಾರನ್ನು ಮದುವೆಯಾಗಬೇಕು ಅನ್ನುವುದಕ್ಕೆ ಬೇಡ.

ಅಮ್ಮನ ಪಕ್ಷ: ಗುಣಗಳನ್ನು ಎಣಿಸಿದವರು

1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಒಂದು ಕೆಲಸ ಮಾಡಿದರು. ಇಂಗ್ಲಿಷಿನ ದೊಡ್ಡ ನಿಘಂಟು ತೆಗೆದು, ಮನುಷ್ಯರ ನಡುವಿನ ವ್ಯತ್ಯಾಸ ಹೇಳುವ ಪದಗಳನ್ನೆಲ್ಲ ಹೆಕ್ಕಿದರು. ಸುಮಾರು 18,000 ಸಿಕ್ಕವು. ಹಿಂದಿನ ಯೋಚನೆ ಸರಳ. ಜನರಿಗೆ ಮುಖ್ಯ ಅನ್ನಿಸಿದ ಗುಣಕ್ಕೆ ಭಾಷೆಯಲ್ಲಿ ಒಂದು ಪದ ಹುಟ್ಟಿಯೇ ಇರುತ್ತದೆ. ನಮ್ಮಲ್ಲೂ ಹಾಗೇ ಅಲ್ವಾ? ಮುಂಗೋಪಿ, ಸಿಡುಕ, ಹೆಂಗರುಳಿನವನು, ಬಾಯಿಬಡುಕಿ, ಮೂಗುದಾರ ಇಲ್ಲದವನು, ಮುಗುಮ್ಮಾಗಿ ಇರುವವನು.

ಆಮೇಲಿನ ಅರ್ಧ ಶತಮಾನ ಈ ರಾಶಿಯನ್ನು ಜರಡಿ ಹಿಡಿಯುವುದರಲ್ಲೇ ಕಳೆಯಿತು. ಯಾವ ಗುಣ ಯಾವುದರ ಜೊತೆ ಬರುತ್ತದೆ ಅಂತ ಲೆಕ್ಕ ಹಾಕಿ ಗುಂಪು ಮಾಡುವ ಈ ವಿಧಾನದ ಮೂಲ ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಅವರ ಹತ್ತಿರ ಕಲಿತು ಬಂದವರೊಬ್ಬರು ನಮ್ಮ ಮೈಸೂರಿನವರು, ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು ಅವರಿಂದ. 1935ರಲ್ಲಿ ತಮ್ಮ ಮನೆಯಲ್ಲೇ "ಆಕಾಶವಾಣಿ" ಅಂತ ರೇಡಿಯೋ ಕೇಂದ್ರ ನಡೆಸಿದವರೂ ಇವರೇ. ರೇಡಿಯೋ ಕತೆ ಎಲ್ಲರೂ ಹೇಳುತ್ತಾರೆ, ಸೈಕಾಲಜಿ ಕತೆ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಸೇರಿಸಿದೆ.

ರೇಮಂಡ್ ಕ್ಯಾಟೆಲ್ 16 ಅಂಶ ಅಂದರು. ಹ್ಯಾನ್ಸ್ ಐಸೆಂಕ್ ಮೊದಲು ಎರಡು, ಆಮೇಲೆ ಮೂರು ಸಾಕು ಅಂದರು. ಕೊನೆಗೆ ಬೇರೆಬೇರೆ ಜನ ಬೇರೆಬೇರೆ ದಾರಿಯಲ್ಲಿ ಬಂದು ಐದಕ್ಕೆ ನಿಂತರು. ಇದೇ ಬಿಗ್ ಫೈವ್. ನನ್ನ ಮಾತಿನಲ್ಲಿ ಹೇಳಬೇಕು ಅಂದರೆ: ಹೊಸದರ ಕಡೆ ಎಷ್ಟು ಮನಸ್ಸು, ಕೆಲಸದಲ್ಲಿ ಎಷ್ಟು ಅಚ್ಚುಕಟ್ಟು, ಜನರ ನಡುವೆ ಎಷ್ಟು ಹುರುಪು, ಬೇರೆಯವರ ಜೊತೆ ಎಷ್ಟು ಹೊಂದಿಕೆ, ಮನಸ್ಸಿಗೆ ಎಷ್ಟು ಬೇಗ ಕಳವಳ. ಇಲ್ಲಿ ಬಗೆ ಅನ್ನುವುದಿಲ್ಲ. ಪ್ರತಿಯೊಬ್ಬರಿಗೂ ಐದರಲ್ಲೂ ಒಂದೊಂದು ಅಳತೆ ಇರುತ್ತದೆ, ಎತ್ತರ ತೂಕದ ಹಾಗೆ.

ಅಮ್ಮನ "ತಾತನೂ ಹೀಗೇ" ಅನ್ನುವ ಮಾತಿಗೆ ಇಲ್ಲಿ ಬೆಂಬಲ ಇದೆ. ಅವಳಿ ಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನಗಳು ಹೇಳುವುದು, ಜನರ ನಡುವೆ ಈ ಗುಣಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶೇ 40ರಿಂದ 50ರಷ್ಟು ಹುಟ್ಟಿನಿಂದ ಬಂದದ್ದು. 1979ರಲ್ಲಿ ಮಿನ್ನೆಸೋಟದಲ್ಲಿ ಥಾಮಸ್ ಬೌಚರ್ಡ್ ಶುರುಮಾಡಿದ ಅಧ್ಯಯನದಲ್ಲಿ, ಬೇರೆಬೇರೆ ಮನೆಗಳಲ್ಲಿ ಬೆಳೆದ ಅವಳಿಗಳೂ ಗುಣದಲ್ಲಿ ಸಾಕಷ್ಟು ಹೋಲುತ್ತಿದ್ದರು. ಇಲ್ಲಿ ಒಂದು ಕಡೆ ಎಡವಬೇಡಿ. "ನನ್ನ ಗುಣದಲ್ಲಿ ಅರ್ಧ ಅಪ್ಪ ಅಮ್ಮಂದು, ಅರ್ಧ ನಂದು" ಅಂತ ಇದರ ಅರ್ಥ ಅಲ್ಲ. ನೂರು ಜನರನ್ನು ಸಾಲಾಗಿ ನಿಲ್ಲಿಸಿದಾಗ ಅವರ ನಡುವೆ ಇರುವ ಏರುಪೇರಿನ ಲೆಕ್ಕ ಇದು. ಒಬ್ಬನನ್ನು ಸೀಳಿ ಹೇಳುವ ಲೆಕ್ಕ ಅಲ್ಲ.

ಆದರೆ "ಸುಟ್ಟರೂ ಹೋಗದು" ಅನ್ನುವ ಕಡೆ ಅಮ್ಮ ಸೋಲುತ್ತಾಳೆ. 2006ರಲ್ಲಿ ಬ್ರೆಂಟ್ ರಾಬರ್ಟ್ಸ್ ಮತ್ತು ಜೊತೆಯವರು 92 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಪ್ಪತ್ತರಿಂದ ನಲವತ್ತರ ನಡುವೆ ಜನ ಸಾಮಾನ್ಯವಾಗಿ ಇನ್ನಷ್ಟು ಅಚ್ಚುಕಟ್ಟಾಗುತ್ತಾರೆ, ಮನಸ್ಸು ಇನ್ನಷ್ಟು ಸ್ಥಿಮಿತಕ್ಕೆ ಬರುತ್ತದೆ. ಕೆಲಸ, ಸಂಸಾರ, ಜವಾಬ್ದಾರಿ ಹೆಗಲಿಗೆ ಬೀಳುವ ವಯಸ್ಸು ಅದು. "ಮದುವೆ ಮಾಡಿ, ಸರಿಹೋಗ್ತಾನೆ" ಅನ್ನುವವರಿಗೆ ಇದು ಪೂರ್ತಿ ಬೆಂಬಲ ಅಂದುಕೊಳ್ಳಬೇಡಿ, ದಯವಿಟ್ಟು. ಇದು ಸರಾಸರಿಯ ಮಾತು. ನಿಮ್ಮ ಮನೆಯ ಹುಡುಗ ಸರಾಸರಿ ಆಗಿರಬೇಕು ಅಂತೇನಿಲ್ಲ. ಅವನು ಸರಿಹೋಗದಿದ್ದರೆ ಅದರ ಬೆಲೆ ಕಟ್ಟುವುದು ಇನ್ನೊಬ್ಬರ ಮನೆ ಮಗಳು.

ಬಿಗ್ ಫೈವ್‌ಗೂ ಬೇಲಿ ಇದೆ. 2013ರಲ್ಲಿ ಬೊಲಿವಿಯಾದ ಚೀಮಾನೆ ಅನ್ನುವ ಕಾಡಂಚಿನ ಜನರಲ್ಲಿ ನೋಡಿದಾಗ ಈ ಐದು ಗುಂಪು ಸ್ಪಷ್ಟವಾಗಿ ಸಿಗಲಿಲ್ಲ. ಓದುಬರಹದ, ಪೇಟೆ ಬದುಕಿನ ಸಮಾಜದಲ್ಲಿ ಸಿಕ್ಕಿದ್ದು ಎಲ್ಲ ಕಡೆ ಸಿಗುತ್ತದೆ ಅಂತ ಹೇಳಲಾಗದು. ಇನ್ನೊಂದು, ಇದು ಬಣ್ಣಿಸುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. "ಅವನು ಯಾಕೆ ಮಾತಾಡಲ್ಲ?" "ಅವನು ಅಂತರ್ಮುಖಿ." "ಅಂತರ್ಮುಖಿ ಅಂತ ಹೇಗೆ ಗೊತ್ತಾಯ್ತು?" "ಮಾತಾಡಲ್ವಲ್ಲ!" ಇದು ಗಾಣದೆತ್ತಿನ ಸುತ್ತು.

ಆದರೂ ಜನರನ್ನು ಅಳೆಯಲೇಬೇಕಾದ ಕೆಲಸ ಇದ್ದರೆ, ಸಂಶೋಧನೆಗೆ ಅಳತೆ ಬೇಕು ಅಂದರೆ, ನಾನು ಕೊಡುವ ಉತ್ತರ ಬಿಗ್ ಫೈವ್. ಎರಡನೇ ಮಾತಿಲ್ಲ.

ಮೂರು ವರ್ಷದ ಬುದ್ಧಿ

ಚಿಕ್ಕ ಮಕ್ಕಳ ವಿಷಯಕ್ಕೆ ಬಂದರೆ ದೊಡ್ಡವರ ಅಳತೆಪಟ್ಟಿ ಬೇಡ. ಅಲ್ಲಿ ನಾನು ಕೈ ಹಾಕುವುದು ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ಕೆಲಸಕ್ಕೆ. 1956ರಿಂದ ನ್ಯೂಯಾರ್ಕಿನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಾಗಿದ್ದಾಗಿನಿಂದ ಗಮನಿಸುತ್ತ ಹೋದರು. ಸುಮಾರು ಶೇ 40ರಷ್ಟು ಮಕ್ಕಳು ಸುಲಭಕ್ಕೆ ಒಗ್ಗುವವರು. ಶೇ 10 ರಚ್ಚೆ ಹಿಡಿಯುವವರು. ಶೇ 15 ನಿಧಾನಕ್ಕೆ ಒಗ್ಗುವವರು, ಹೊಸಬರು ಬಂದರೆ ಮೊದಲು ಹಿಂದೆ ಸರಿದು, ಆಮೇಲೆ ಮೆಲ್ಲಗೆ ಹತ್ತಿರ ಬರುವವರು. ಉಳಿದವರು ಯಾವ ಗುಂಪಿಗೂ ಸರಿಯಾಗಿ ಸೇರದವರು.

ಅಡುಗೆಮನೆ ಬಾಗಿಲು ನೆನಪಾಯಿತಲ್ಲ?

ಅವರು ಹೇಳಿದ ದೊಡ್ಡ ಮಾತು ಇದು: ಮಗುವಿನ ಸ್ವಭಾವ ಒಳ್ಳೇದು ಕೆಟ್ಟದ್ದು ಅಂತಿಲ್ಲ. ಆ ಸ್ವಭಾವಕ್ಕೂ ಮನೆಯವರು ಕೇಳುವುದಕ್ಕೂ ಹೊಂದಿಕೆ ಆಗುತ್ತದಾ ಅನ್ನುವುದು ಮುಖ್ಯ. ನಿಧಾನಕ್ಕೆ ಒಗ್ಗುವ ಮಗುವನ್ನು ರಟ್ಟೆ ಹಿಡಿದು ಎಳೆದು ತಂದು "ಹಾಯ್ ಹೇಳು, ರೈಮ್ಸ್ ಹೇಳು" ಅಂದರೆ ಹೊಂದಿಕೆ ತಪ್ಪಿತು.

"ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ" ಅನ್ನುತ್ತೇವೆ. ನ್ಯೂಜಿಲೆಂಡಿನ ಡುನೆಡಿನ್ ಊರಿನಲ್ಲಿ ಇದನ್ನು ನಿಜಕ್ಕೂ ನೋಡಿದ್ದಾರೆ. 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೇ ವಯಸ್ಸಿನಿಂದ ಇವತ್ತಿನವರೆಗೂ ಬಿಡದೆ ಹಿಂಬಾಲಿಸಿದ್ದಾರೆ. ಮೂರರಲ್ಲಿ ಕಂಡ ಸ್ವಭಾವದ ನೆರಳು ಇಪ್ಪತ್ತಾರರಲ್ಲೂ ಕಂಡಿತು. ನೆರಳು ಅಂತಲೇ ಹೇಳುತ್ತೇನೆ, ಅಚ್ಚು ಅಲ್ಲ. ಗುಂಪಿನ ಮಟ್ಟದಲ್ಲಿ ಕಾಣುತ್ತದೆ. ಒಂದು ಮಗುವನ್ನು ತೋರಿಸಿ ಇವನು ಹೀಗೇ ಆಗುತ್ತಾನೆ ಅಂತ ಹೇಳುವಷ್ಟು ಗಟ್ಟಿ ಇಲ್ಲ.

ಸಹವಾಸದವರು

ಆಂಟಿಯ ಪಕ್ಷದ ಹಿರಿಯ ಜಾನ್ ವಾಟ್ಸನ್. ಆರೋಗ್ಯವಾಗಿರುವ ಹನ್ನೆರಡು ಕೂಸು ಕೊಡಿ, ಡಾಕ್ಟರೋ ಕಳ್ಳನೋ ನೀವು ಹೇಳಿದ್ದನ್ನು ಮಾಡಿ ಕೊಡುತ್ತೇನೆ ಅಂತ ಸವಾಲು ಹಾಕಿದವರು. 1920ರಲ್ಲಿ ಒಂದು ವರ್ಷವೂ ತುಂಬದ ಕೂಸಿಗೆ ಬಿಳಿ ಇಲಿ ತೋರಿಸಿ, ಹಿಂದಿನಿಂದ ಕಬ್ಬಿಣ ಬಡಿದು, ಇಲಿ ಕಂಡರೆ ಅಳುವ ಹಾಗೆ ಮಾಡಿದರು. ಇವತ್ತಾಗಿದ್ದರೆ ಯಾವ ಕಾಲೇಜೂ ಇದಕ್ಕೆ ಅನುಮತಿ ಕೊಡುತ್ತಿರಲಿಲ್ಲ. ಬಿ.ಎಫ್. ಸ್ಕಿನ್ನರ್ ಇನ್ನೂ ಮುಂದೆ ಹೋಗಿ, ಒಳಗಿನ ಮನಸ್ಸಿನ ಮಾತೇ ಬೇಡ, ಬಹುಮಾನ ಶಿಕ್ಷೆಯಿಂದ ಬಂದ ಅಭ್ಯಾಸ ನೋಡಿ ಸಾಕು ಅಂದರು. ಒಂದು ಅಭ್ಯಾಸ ಬಿಡಿಸುವುದಕ್ಕೆ, ಹಿಡಿಸುವುದಕ್ಕೆ ಇವರ ದಾರಿ ಚೆನ್ನಾಗಿ ನಡೆಯುತ್ತದೆ. ಇಡೀ ಮನುಷ್ಯನನ್ನು ಅರ್ಥ ಮಾಡಿಕೊಳ್ಳೋಕೆ ಸಾಲದು.

ನನಗೆ ಇಷ್ಟವಾಗುವವರು ಆಲ್ಬರ್ಟ್ ಬಂಡೂರ. 1961ರಲ್ಲಿ ಸ್ಟ್ಯಾನ್‌ಫರ್ಡ್ ನರ್ಸರಿಯ 72 ಮಕ್ಕಳ ಜೊತೆ ಅವರು ಮಾಡಿದ ಗೊಂಬೆ ಪ್ರಯೋಗ ಕೇಳಿರುತ್ತೀರಿ. ದೊಡ್ಡವರು ಗಾಳಿ ತುಂಬಿದ ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಆಮೇಲೆ ತಾವೂ ಹಾಗೇ ಹೊಡೆದರು. ಬಹುಮಾನ ಬೇಕಾಗಲಿಲ್ಲ, ನೋಡಿದ್ದೇ ಸಾಕಾಯಿತು. ನಮ್ಮ ಹುಡುಗ ಬಾಗಿಲ ಸಂದಿಯಿಂದ ನೋಡಿ ನೆಂಟರ ದನಿ ಕಲಿತದ್ದೂ ಹೀಗೇ. 1977ರಿಂದ ಅವರು ಒತ್ತಿ ಹೇಳಿದ ಇನ್ನೊಂದು ವಿಚಾರ, "ನನ್ನ ಕೈಲಾಗುತ್ತೆ" ಅನ್ನುವ ನಂಬಿಕೆ. ಅದು ಬರೀ ಭಾಷಣದಿಂದ ಬರುವುದಿಲ್ಲ. ಚಿಕ್ಕದೊಂದನ್ನು ಮಾಡಿ ಗೆದ್ದಾಗ ಬರುತ್ತದೆ.

ಇಲ್ಲೇ ವಾಲ್ಟರ್ ಮಿಷೆಲ್ ಹೆಸರೂ ಹೇಳಬೇಕು. 1968ರಲ್ಲಿ ಅವರು ಗುಣ ಅಳೆಯುವವರ ಹೊಟ್ಟೆಗೆ ಕಿಚ್ಚಿಟ್ಟರು. ಒಂದು ಸನ್ನಿವೇಶದಲ್ಲಿ ಹೀಗಿದ್ದವನು ಇನ್ನೊಂದರಲ್ಲೂ ಹಾಗೇ ಇರುತ್ತಾನೆ ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಪುರಾವೆ ತೀರ ಸಪ್ಪೆ ಅಂದರು. ಜಗಳ ಇಪ್ಪತ್ತು ವರ್ಷ ನಡೆಯಿತು. ಅವರ ಸಿಹಿತಿಂಡಿ ಪ್ರಯೋಗ ಇನ್ನೂ ಜನಪ್ರಿಯ. ಮಗುವಿನ ಮುಂದೆ ಮಾರ್ಷ್‌ಮ್ಯಾಲೋ ಅನ್ನುವ ಮಿಠಾಯಿ ಇಟ್ಟು, ಈಗಲೇ ತಿಂದರೆ ಒಂದು, ಕಾದರೆ ಎರಡು ಅನ್ನುವುದು; ತಿನ್ನದೆ ಕಾದ ಮಗು ಮುಂದೆ ಬುದ್ಧಿವಂತ ಆಗುತ್ತದೆ ಅಂತ. 2018ರಲ್ಲಿ ಬೇರೆಯವರು ಸುಮಾರು 900 ಮಕ್ಕಳ ಮಾಹಿತಿಯಲ್ಲಿ ನೋಡಿದಾಗ, ಮನೆಯ ಪರಿಸ್ಥಿತಿ ಲೆಕ್ಕಕ್ಕೆ ತಗೊಂಡ ಕೂಡಲೇ ಆ ನಂಟು ತೀರ ಸಣ್ಣದಾಯಿತು. ವಾಟ್ಸಾಪ್‌ನಲ್ಲಿ ಆ ವಿಡಿಯೋ ಬಂದರೆ ಇದನ್ನು ಉತ್ತರವಾಗಿ ಕಳಿಸಿ.

ಆದರೆ ಮಿಷೆಲ್ ಕೊಟ್ಟ ಒಂದು ಸಲಕರಣೆ ಚಿನ್ನ. "ಅವನು ಎಂಥವನು" ಅಂತ ಕೇಳಬೇಡಿ, "ಯಾವಾಗ ಹೇಗಿರುತ್ತಾನೆ" ಅಂತ ಬರೆದಿಡಿ. ನಾನೂ ಅಕ್ಕನೂ ಎರಡು ವಾರ ಇದನ್ನೇ ಮಾಡಿದೆವು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಾಲು: ಅಡಗಿದ, ಅಡಗಲಿಲ್ಲ. ಅಡಗಿದ ಸಾಲಿನಲ್ಲಿ ದೊಡ್ಡಪ್ಪನ ಮನೆಯವರು, ಭಾವನ ಆಫೀಸಿನವರು, "ಯಾವ ಕ್ಲಾಸು ಪುಟ್ಟಾ, ಮಾರ್ಕ್ಸ್ ಎಷ್ಟು" ಅಂತ ಒಳಗೆ ಬರುತ್ತಲೇ ಕೇಳಿದವರು. ಅಡಗದ ಸಾಲಿನಲ್ಲಿ ಗ್ಯಾಸ್ ಸಿಲಿಂಡರ್ ತರುವವನು, ಹೂವಿನವಳು, ಮಿಕ್ಸಿ ರಿಪೇರಿಯವನು. ಮಿಕ್ಸಿ ರಿಪೇರಿಯವನ ಪಕ್ಕ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿದ ಸ್ಕ್ರೂಗಳನ್ನು ಒಂದೊಂದೇ ಅಂಗೈಯಲ್ಲಿ ಹಿಡಿದುಕೊಂಡು, ಕೇಳಿದಾಗ ಕೊಡುತ್ತಿದ್ದ. ಅವನು ಜನಕ್ಕೆ ಹೆದರುತ್ತಾನೆ ಅಂತ ನಾವು ಅಂದುಕೊಂಡಿದ್ದೆವು. ಕ್ಯಾಲೆಂಡರ್ ಹೇಳಿದ್ದೇ ಬೇರೆ. ಎಲ್ಲರ ಮುಂದೆ ಪ್ರಶ್ನೆ ಕೇಳುವವರಿಗೆ ಹೆದರುತ್ತಾನೆ. ಕೆಲಸ ಮಾಡುತ್ತ ಕೂರುವವರು ಅವನಿಗೆ ಇಷ್ಟ.

ಅಕ್ಕನ ಪಕ್ಷ, ಚಿಕ್ಕದಾಗಿ

ಕಾರ್ಲ್ ರೋಜರ್ಸ್ ಹೇಳಿದ್ದು, ಮನುಷ್ಯನಿಗೆ ಬೆಳೆಯುವ ಕಸು ಒಳಗೇ ಇದೆ, ಷರತ್ತಿಲ್ಲದ ಒಪ್ಪಿಗೆ ಸಿಕ್ಕರೆ ಸಾಕು ಅಂತ. "ಫಸ್ಟ್ ರ‍್ಯಾಂಕ್ ಬಂದ್ರೆ ನೀನು ನನ್ನ ಬಂಗಾರ" ಅನ್ನುವುದು ಷರತ್ತು. ಎದುರಿಗೆ ಕೂತವರ ಮಾತು ಕೇಳಿಸಿಕೊಳ್ಳುವುದು ಹೇಗೆ ಅಂತ ಕಲಿಯಬೇಕಾದರೆ, ಕೌನ್ಸೆಲಿಂಗ್ ಕೋರ್ಸಿಗೆ ಹೋಗುವುದಾದರೆ, ರೋಜರ್ಸ್ ಬೇಕೇಬೇಕು. ಅಬ್ರಹಾಂ ಮ್ಯಾಸ್ಲೊ ಅವರ 1943ರ ಅಗತ್ಯಗಳ ಮೆಟ್ಟಿಲು ಎಲ್ಲರಿಗೂ ಗೊತ್ತು: ಮೊದಲು ಹೊಟ್ಟೆಪಾಡು, ಆಮೇಲೆ ಒಂದೊಂದೇ ಮೇಲಿನದು. ಆ ಫೇಮಸ್ ತ್ರಿಕೋನ ಅವರು ಬರೆದದ್ದಲ್ಲ, ಆಮೇಲೆ ಮ್ಯಾನೇಜ್‌ಮೆಂಟ್ ಪುಸ್ತಕದವರು ಮಾಡಿದ್ದು. ಇಬ್ಬರ ಮಾತೂ ಹಿತ, ಪುರಾವೆ ತೆಳು. ವ್ಯಕ್ತಿತ್ವ ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಇವರಿಬ್ಬರನ್ನೇ ನೆಚ್ಚಬೇಡಿ.

ಸತ್ವ, ರಜಸ್, ತಮಸ್ ಯಾಕೆ ಬಿಟ್ಟಿರಿ ಅಂತ ಕೇಳುವವರು ಇರುತ್ತಾರೆ. ಬಿಟ್ಟಿಲ್ಲ. ಗೀತೆಯ 14ನೇ ಅಧ್ಯಾಯದಲ್ಲಿ ಅದರ ವಿವರ ಇದೆ, ಅದನ್ನಿಟ್ಟುಕೊಂಡು ಪ್ರಶ್ನಾವಳಿ ಮಾಡಿದ ಭಾರತೀಯ ಸಂಶೋಧಕರೂ ಇದ್ದಾರೆ. ಆದರೆ ಅಲ್ಲಿ ಸತ್ವ ಮೇಲು, ತಮಸ್ಸು ಕೀಳು. ಹೇಗೆ ಬದುಕಬೇಕು ಅಂತ ಹೇಳುವ ದಾರಿ ಅದು. ಅಳತೆಪಟ್ಟಿಯಾಗಿ ಬಳಸಿದರೆ ಆಲಸಿಗೆ ಬೈಯಲು ಇನ್ನೊಂದು ಪದ ಸಿಗುತ್ತದೆ, ಅಷ್ಟೆ.

ಎರಿಕ್‌ಸನ್: ಪಿಯುಸಿ ಮಕ್ಕಳ ಮನೆಯವರು ಇದನ್ನು ಓದಿ

ಒಂದೇ ಒಂದು ಸಿದ್ಧಾಂತ ಓದೋಕೆ ಟೈಮ್ ಇದೆ ಅನ್ನುವವರಿಗೆ ನಾನು ಕೊಡುವುದು ಎರಿಕ್ ಎರಿಕ್‌ಸನ್. ಬಾಲ್ಯದಲ್ಲೇ ಎಲ್ಲ ಮುಗಿಯಿತು ಅನ್ನುವ ಫ್ರಾಯ್ಡ್ ಮಾತನ್ನು ಅವರು ಒಪ್ಪಲಿಲ್ಲ. 1950ರಲ್ಲಿ ಎಂಟು ಹಂತ ಹೇಳಿದರು, ತೊಟ್ಟಿಲಿಂದ ಮುಪ್ಪಿನ ತನಕ. ಕೂಸಿಗೆ ಈ ಲೋಕವನ್ನು ನಂಬಬಹುದಾ ಅನ್ನುವ ಪ್ರಶ್ನೆ. ಆಮೇಲೆ ನಾನೇ ಮಾಡ್ತೀನಿ ಅನ್ನುವ ಹಟ. ಆಮೇಲೆ ಮುಂದೆ ಬೀಳುವ ಧೈರ್ಯ. ಶಾಲೆಗೆ ಹೋಗುವ ವಯಸ್ಸಿನಲ್ಲಿ ನನ್ನ ಕೈಲಿ ಏನಾದರೂ ಆಗುತ್ತದಾ ಅನ್ನುವುದು. ಸ್ಕ್ರೂ ಹಿಡಿದು ಕೂತವನು ಇರುವುದು ಇಲ್ಲೇ. ಹದಿಹರೆಯದಲ್ಲಿ ನಾನು ಯಾರು. ಯೌವನದಲ್ಲಿ ಯಾರ ಜೊತೆ. ನಡುವಯಸ್ಸಿನಲ್ಲಿ ಮುಂದಿನವರಿಗೆ ಏನು. ಕೊನೆಗೆ, ಬದುಕಿದ್ದು ಸಾರ್ಥಕವಾಯಿತಾ.

"ನಾನು ಯಾರು" ಅವರಿಗೆ ಪುಸ್ತಕದ ಪ್ರಶ್ನೆ ಆಗಿರಲಿಲ್ಲ. 1902ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಹುಟ್ಟಿದ ಅವರಿಗೆ ಹೆತ್ತ ತಂದೆ ಯಾರು ಅಂತ ಕೊನೆವರೆಗೂ ತಿಳಿಯಲಿಲ್ಲ. ಮಲತಂದೆಯ ಹೆಸರಲ್ಲಿ ಬೆಳೆದರು. ಅಮೆರಿಕದ ಪ್ರಜೆಯಾದಾಗ ಎರಿಕ್‌ಸನ್ ಅನ್ನುವ ಮನೆತನದ ಹೆಸರು ತಾವೇ ಇಟ್ಟುಕೊಂಡರು, ಎರಿಕ್‌ನ ಮಗ ಎರಿಕ್ ಅಂತ! ಮುಂದೆ ಅಹಮದಾಬಾದಿನ 1918ರ ಗಿರಣಿ ಮುಷ್ಕರವನ್ನು ಇಟ್ಟುಕೊಂಡು ಗಾಂಧೀಜಿ ಬಗ್ಗೆ ಪುಸ್ತಕ ಬರೆದರು. 1969ರಲ್ಲಿ ಬಂದ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು.

1966ರಲ್ಲಿ ಜೇಮ್ಸ್ ಮಾರ್ಶಿಯಾ ಐದನೇ ಹಂತವನ್ನು, ಅಂದರೆ ಹದಿಹರೆಯದ "ನಾನು ಯಾರು" ಅನ್ನುವುದನ್ನು, ಇನ್ನೂ ಬಿಡಿಸಿದರು. ಎರಡು ಪ್ರಶ್ನೆ ಕೇಳಿ: ಹುಡುಕಾಡಿದ್ದಾನಾ? ಒಂದನ್ನು ಗಟ್ಟಿಯಾಗಿ ಹಿಡಿದಿದ್ದಾನಾ? ಎರಡೂ ಇಲ್ಲದವನು ಅಲೆಯುತ್ತಿದ್ದಾನೆ. ಹುಡುಕುತ್ತಿದ್ದಾನೆ, ಇನ್ನೂ ಹಿಡಿದಿಲ್ಲ ಅಂದರೆ ತಳಮಳದಲ್ಲಿದ್ದಾನೆ, ಅದು ಒಳ್ಳೆಯ ತಳಮಳ. ಹುಡುಕಿ ಹಿಡಿದವನು ದಡ ಸೇರಿದ. ನಾಲ್ಕನೆಯವನೇ ನಮ್ಮಲ್ಲಿ ಜಾಸ್ತಿ: ಹುಡುಕದೆ ಹಿಡಿದವನು. ಹತ್ತನೇ ಕ್ಲಾಸಿನಲ್ಲಿ 90 ಬಂತು, ಸೈನ್ಸ್. ಸೈನ್ಸ್ ಆಯಿತು, ಸಿಇಟಿ. ಸಿಇಟಿ ಆಯಿತು, ಇಂಜಿನಿಯರಿಂಗ್. ಯಾರೂ ಏನೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ.

ನಾನೂ ಅದೇ ಸಾಲಿನವಳು. ಪಿಯುಸಿ ಎರಡನೇ ವರ್ಷ ಫಿಸಿಕ್ಸ್ ಲ್ಯಾಬಿನಲ್ಲಿ ಲೋಲಕ ಎಣಿಸುತ್ತ ಎಷ್ಟನೇ ಸುತ್ತು ಅಂತ ಮರೆತು, ಎದುರಿನ ಹುಡುಗಿ ಯಾಕೆ ಇವತ್ತು ಅತ್ತ ಹಾಗಿದೆ ಅಂತ ಯೋಚಿಸುತ್ತಿದ್ದೆ. ರೆಕಾರ್ಡಿಗೆ ರೀಡಿಂಗ್ಸ್ ಅವಳದ್ದೇ ನೋಡಿ ಬರೆದೆ. ಹುಡುಕಾಟ ಶುರುವಾಗಿದ್ದು ಅಲ್ಲಿಂದ ಇರಬೇಕು. ಎರಿಕ್‌ಸನ್ ಹಂತಗಳಿಗೆ ವಯಸ್ಸಿನ ಗೆರೆ ಹಾಕುವುದು ಕಷ್ಟ. ಹೆಣ್ಣುಮಕ್ಕಳ ಬದುಕಿಗೆ ಈ ಕ್ರಮ ಹೊಂದುವುದಿಲ್ಲ ಅನ್ನುವ ತಕರಾರೂ ಇದೆ, ನಾನು ಒಪ್ಪುತ್ತೇನೆ. ನಮ್ಮಲ್ಲಿ "ಯಾರ ಜೊತೆ" ಅನ್ನುವುದು ಎಷ್ಟೋ ಸಲ "ನಾನು ಯಾರು" ಅನ್ನುವುದಕ್ಕಿಂತ ಮೊದಲೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಹಾಗಾದರೆ ಯಾವುದನ್ನು ಹಿಡಿಯುವುದು

ಪರೀಕ್ಷೆಗೆ ಓದುವವರಾದರೆ ಫ್ರಾಯ್ಡ್, ಎರಿಕ್‌ಸನ್, ಬಂಡೂರ, ಬಿಗ್ ಫೈವ್ ಈ ಕ್ರಮದಲ್ಲಿ ಓದಿ. ಒಬ್ಬರ ವಾದಕ್ಕೂ ಇನ್ನೊಬ್ಬರ ವಾದಕ್ಕೂ ಜಗಳ ಇದ್ದೇ ಇದೆ. ಆ ಜಗಳ ಹಿಡಿದುಕೊಂಡರೆ ನೆನಪಿಡುವುದು ಸುಲಭ.

ಚಿಕ್ಕ ಮಗು ಮನೆಯಲ್ಲಿದ್ದರೆ ಥಾಮಸ್ ಮತ್ತು ಚೆಸ್ ಮೊದಲು, ಬಂಡೂರ ಆಮೇಲೆ. ಮಗು ಎಂಥದ್ದು ಅಂತ ಮೊದಲನೆಯದು ಹೇಳುತ್ತದೆ, ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಎರಡನೆಯದು. ಆಫೀಸಿಗೆ ಪರೀಕ್ಷೆ ಬೇಕಾದರೆ ಬಿಗ್ ಫೈವ್. ಗಂಡ ಹೆಂಡತಿ ಜಗಳಕ್ಕೆ ಮಿಷೆಲ್, ಅಂದರೆ ಒಂದು ಕ್ಯಾಲೆಂಡರ್ ಮತ್ತು ಪೆನ್ನು. ಡ್ಯಾನ್ ಮೆಕ್‌ಆಡಮ್ಸ್ ಅನ್ನುವವರು ಎಲ್ಲವನ್ನೂ ಮೂರು ಪದರವಾಗಿ ಜೋಡಿಸಿದ್ದಾರೆ: ತಳದಲ್ಲಿ ಗುಣ, ಅದರ ಮೇಲೆ ನಮ್ಮ ಗುರಿ ಮತ್ತು ಹೆದರಿಕೆ, ಎಲ್ಲಕ್ಕಿಂತ ಮೇಲೆ ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಕತೆ. ಯಾವುದನ್ನೂ ಬಿಡೋಕೆ ಮನಸ್ಸಿಲ್ಲದವರಿಗೆ ಇದು ಒಳ್ಳೆಯ ಕಪಾಟು.

ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಸಿದ್ಧಾಂತ ಓದುತ್ತ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹೋದ ದೀಪಾವಳಿಗೆ ಮನೆ ತುಂಬ ಜನ. ಅಕ್ಕ ಈ ಸಲ "ಬಾ, ಮಾತಾಡ್ಸು" ಅನ್ನಲಿಲ್ಲ. ಹುಡುಗನ ಕೈಗೆ ಹೋಳಿಗೆ ತಟ್ಟೆ ಕೊಟ್ಟು, "ಎಲ್ಲರಿಗೂ ಒಂದೊಂದು ಹಾಕು, ತುಪ್ಪ ಬೇಕಾ ಕೇಳು" ಅಂದಳು. ಬಾಗಿಲ ಹಿಂದಿನಿಂದ ಬಂದ. ಒಬ್ಬೊಬ್ಬರ ಎಲೆ ಮುಂದೆ ನಿಂತು, ಮುಖ ನೋಡದೆ, "ತುಪ್ಪ?" ಅಂತ ಕೇಳಿ ಹಾಕುತ್ತ ಹೋದ. ಹದಿನಾಲ್ಕು ಜನ. ಮುಗಿಸಿ, ಖಾಲಿ ತಟ್ಟೆ ಕಟ್ಟೆ ಮೇಲಿಟ್ಟು, ಮತ್ತೆ ಬಾಗಿಲ ಹಿಂದೆ ಹೋಗಿ ನಿಂತ.

"ನೋಡಿದ್ಯಾ, ಕಲಿಸಿದ್ರೆ ಕಲೀತಾನೆ" ಅಂದರು ಭಾವ.

"ವಾಪಸ್ ಎಲ್ಲಿಗೆ ಹೋದ, ಅದನ್ನೂ ನೋಡು" ಅಂದಳು ಅಮ್ಮ.